ಬಾಗುವ ಕತ್ತಿ, ಮುರಿಯುವ ಕತ್ತಿ

ಮೇ ತಿಂಗಳು ಬಂತೆಂದರೆ ಮಲೆನಾಡಿನ ಕಳಸದ ಕಾಫಿ ತೋಟಗಳಲ್ಲಿ ಮರಗಸಿ, ಅಂದರೆ ಮರದ ಕೊಂಬೆ ಕಡಿದಿಳಿಸುವ ಕೆಲಸ, ಬಿರುಸಾಗುತ್ತದೆ. ಮುಂಗಾರು ಹಿಡಿಯುವ ಮೊದಲು ನೆರಳು ಮರಗಳ ಕೊಂಬೆ ಇಳಿಸದಿದ್ದರೆ ಮಳೆಗಾಲದ ಮಬ್ಬಿನಲ್ಲಿ ಕಾಫಿ ಗಿಡಕ್ಕೆ ಬೆಳಕು ಸಾಲುವುದಿಲ್ಲ, ಗಾಳಿಯಾಡದ ತೋಟಕ್ಕೆ ಕೊಳೆರೋಗ ಬರುತ್ತದೆ. ಕಸಿ ಮಾಡುವವನು ಏಣಿ ಹತ್ತುವಾಗ ಅವನ ಎರಡು ಕೈಯೂ ಖಾಲಿ ಇರುತ್ತವೆ. ಕತ್ತಿ ಸೊಂಟದ ಹಿಂದೆ ಕಟ್ಟಿಕೊಂಡ ಕೊಕ್ಕೆಯಲ್ಲಿ ನೇತಾಡುತ್ತಿರುತ್ತದೆ. ಮೇಲೆ ಹೋಗಿ ಒಂದು ಕೈಯಲ್ಲಿ ಮರ ತಬ್ಬಿ, ಇನ್ನೊಂದನ್ನು ಹಿಂದಕ್ಕೆ ಚಾಚಿದರೆ ಹಿಡಿ ತಾನಾಗಿ ಅಂಗೈಗೆ ಬರುತ್ತದೆ. ಕೊಡಗಿನವರು ಒಡಿಕತ್ತಿಯನ್ನು ಬೆನ್ನ ಹಿಂದಿನ ತೊಡಂಗ್ ಎಂಬ ಕೊಕ್ಕೆಗೆ ಸಿಕ್ಕಿಸುವುದೂ ಇದೇ ಲೆಕ್ಕಾಚಾರದಿಂದ.

ಆ ಒಂದು ಕತ್ತಿ ದಿನವಿಡೀ ಏನೇನು ಕಡಿಯಬೇಕು ನೋಡಿ. ಬೆಳಿಗ್ಗೆ ಹಾಲುವಾಣದ ಮೆತ್ತನೆಯ ನೀರುಗೊಂಬೆ. ಆಮೇಲೆ ಸಿಲ್ವರ್ ಓಕ್. ನಡುವೆ ದಾರಿಗೆ ಅಡ್ಡ ಬಂದ ಹಳು, ಬಳ್ಳಿ, ಬಿದಿರು. ಸಂಜೆ ಮನೆಯಲ್ಲಿ ಒಣಗಿದ ಮತ್ತಿ ಸೌದೆ. ಮಧ್ಯೆ ಎಲ್ಲೋ ಒಂದು ಎಳನೀರು. ಕಾಡಿನಲ್ಲಿ ಸಿಕ್ಕಿಹಾಕಿಕೊಂಡವನಿಗೆ ಜೀವ ಉಳಿಸುವ ಆಯುಧ ಯಾವುದು ಎಂದು ಜಗತ್ತಿನಾದ್ಯಂತ ಚಾರಣಿಗರು ತಲೆ ಕೆಡಿಸಿಕೊಳ್ಳುತ್ತಾರೆ. ಹಲ್ಲಿನ ಬೆನ್ನು, ಹಿಡಿಯೊಳಗೆ ದಿಕ್ಸೂಚಿ, ಕನ್ನಡಿಯಂಥ ಹೊಳಪು ಇರುವ ಚೂರಿಗಳು ದುಬಾರಿ ಬೆಲೆಗೆ ಮಾರಾಟವಾಗುತ್ತವೆ. ಮಲೆನಾಡಿನ ಕತ್ತಿಗೆ ಇವು ಯಾವುವೂ ಇಲ್ಲ. ಆದರೂ ಭಾರದ ಹಂಚಿಕೆ, ಉಕ್ಕಿನ ಹದ, ಬಾಯಿಯ ಕೋನ ಈ ಮೂರರಲ್ಲಿ ಅದು ಆ ಚೂರಿಗಳಿಗಿಂತ ಸರಿಯಾಗಿ ಯೋಚಿಸಿ ಮಾಡಿದ ಸಾಧನ.

ಮೊದಲು ಭಾರದ ಮಾತು. ಬೀಸಿದ ಕತ್ತಿಯ ಚಲನಶಕ್ತಿ ಅದರ ತೂಕಕ್ಕೆ ತಕ್ಕಂತೆ ಏರುತ್ತದೆ, ವೇಗದ ವರ್ಗಕ್ಕೆ ತಕ್ಕಂತೆಯೂ ಏರುತ್ತದೆ. 800 ಗ್ರಾಂ ಕತ್ತಿ ಸೆಕೆಂಡಿಗೆ 10 ಮೀಟರ್ ವೇಗದಲ್ಲಿ ಕೊಂಬೆಗೆ ಬಡಿದರೆ 40 ಜೂಲ್ ಶಕ್ತಿ. ಅದರ ಅರ್ಧ ತೂಕದ ಕತ್ತಿ ಸೆಕೆಂಡಿಗೆ 12 ಮೀಟರ್ ವೇಗದಲ್ಲಿ ಬಂದರೂ 29 ಜೂಲ್ ದಾಟುವುದಿಲ್ಲ. ವೇಗವೇ ಹೆಚ್ಚು ಲಾಭ ಎಂದು ಸೂತ್ರ ಹೇಳಿದರೂ ಮನುಷ್ಯನ ತೋಳಿನ ವೇಗಕ್ಕೆ ಮಿತಿ ಇದೆ. ಕೈಯಲ್ಲಿರುವುದು ಎಷ್ಟೇ ಹಗುರವಾದರೂ ತೋಳನ್ನಂತೂ ಬೀಸಲೇಬೇಕಲ್ಲ. ಆದ್ದರಿಂದ ಗಟ್ಟಿ ಮರಕ್ಕೆ ಒಂದಿಷ್ಟು ಭಾರ ಬೇಕೇ ಬೇಕು.

ಎಷ್ಟು ಭಾರ ಎನ್ನುವಷ್ಟೇ ಮುಖ್ಯ, ಅದು ಎಲ್ಲಿದೆ ಎನ್ನುವುದು. ಹಿಡಿಯಿಂದ 15 ಸೆಂಟಿಮೀಟರ್ ದೂರದಲ್ಲಿರುವ 100 ಗ್ರಾಂ ಕಬ್ಬಿಣವನ್ನು 30 ಸೆಂಟಿಮೀಟರಿಗೆ ಸರಿಸಿದರೆ ಅದನ್ನು ತಿರುಗಿಸಲು ಕೈಗೆ ಆಗುವ ತಡೆ ನಾಲ್ಕು ಪಟ್ಟಾಗುತ್ತದೆ. ಮಲೆನಾಡಿನ ಕತ್ತಿ ಹಿಡಿಯ ಬಳಿ ಸಣಕಲಾಗಿ, ಮುಂದಕ್ಕೆ ಹೋದಂತೆ ಅಗಲವಾಗುವುದು ಹೊಡೆತದ ಜಾಗದಲ್ಲಿ ತೂಕ ಕೂರಿಸುವ ಉಪಾಯ. ಅತಿಯಾದರೆ ಬೀಸಿದ ಕತ್ತಿಯನ್ನು ನಡುವೆ ನಿಲ್ಲಿಸಲಾಗದು, ಗುರಿ ತಪ್ಪಿದರೆ ಮೊಣಕಾಲಿಗೇ ಬರುತ್ತದೆ. ಮರದ ಮೇಲೆ ಒಂದೇ ಕೈಯಲ್ಲಿ ಬೀಸುವವನಿಗೆ ಇದು ಸಣ್ಣ ವಿಷಯವಲ್ಲ.

ಕೊಳ್ಳುವವರು ಅಂಗಡಿಯಲ್ಲೇ ಮಾಡಬಹುದಾದ ಒಂದು ಪರೀಕ್ಷೆ ಇದೆ. ಹಿಡಿಯನ್ನು ಎರಡು ಬೆರಳಲ್ಲಿ ಸಡಿಲವಾಗಿ ಹಿಡಿದು ಕತ್ತಿಯನ್ನು ಇಳಿಬಿಡಿ. ಇನ್ನೊಂದು ಕೈಯ ಗೆಣ್ಣಿನಿಂದ ಬೆನ್ನಿನ ಉದ್ದಕ್ಕೂ ತಟ್ಟುತ್ತಾ ಬನ್ನಿ. ಹಿಡಿಯ ಹತ್ತಿರ ತಟ್ಟಿದರೆ ಬೆರಳಿಗೆ ಝುಮ್ ಎನ್ನುತ್ತದೆ, ತೀರಾ ತುದಿಗೆ ತಟ್ಟಿದರೂ ಹಾಗೆಯೇ. ನಡುವೆ ಒಂದು ಕಡೆ ಆ ನಡುಕ ಸತ್ತಂತಾಗುತ್ತದೆ. ಭೌತವಿಜ್ಞಾನಿಗಳು ಅದನ್ನು ಆಘಾತ ಕೇಂದ್ರ ಎನ್ನುತ್ತಾರೆ. ಒಂದೇ ದಪ್ಪದ ಕೋಲನ್ನು ಒಂದು ತುದಿಯಲ್ಲಿ ಹಿಡಿದು ಬೀಸಿದರೆ ಆ ಬಿಂದು ಉದ್ದದ ಮೂರನೇ ಎರಡು ಭಾಗದಲ್ಲಿ ಬೀಳುತ್ತದೆ. ಮೂತಿ ಭಾರದ ಕತ್ತಿಯಲ್ಲಿ ಇನ್ನೂ ಮುಂದಕ್ಕೆ ಜರುಗುತ್ತದೆ. ಅಲಗಿನ ಅತಿ ಅಗಲವಾದ ಭಾಗಕ್ಕೆ ಆ ಬಿಂದು ಸರಿಹೊಂದಿದರೆ ಕತ್ತಿ ಕೈಗೆ ಒಗ್ಗಿತೆಂದೇ ತಿಳಿಯಬಹುದು. ಅಲ್ಲಿ ಬಿದ್ದ ಪೆಟ್ಟಿನ ಶಕ್ತಿ ಮರಕ್ಕೆ ಹೋಗುತ್ತದೆ, ಮಣಿಕಟ್ಟಿಗೆ ವಾಪಸು ಬರುವುದಿಲ್ಲ. ಬೇರೆ ಕಡೆ ಬಿದ್ದರೆ ಸಂಜೆಗೆ ಅಂಗೈ ಊದುತ್ತದೆ.

ಕೊಯ್ಯಬೇಕಾದ ವಸ್ತು ಬದಲಾದರೆ ಈ ಲೆಕ್ಕವೆಲ್ಲ ಬದಲಾಗುತ್ತದೆ. ಲ್ಯಾಟಿನ್ ಅಮೆರಿಕದ ಮಚೆಟೆ ಉದ್ದ, ಅಗಲ, ಆದರೆ ದಪ್ಪ ಎರಡು ಮೂರು ಮಿಲಿಮೀಟರ್ ಮಾತ್ರ. ಕಬ್ಬು, ಹುಲ್ಲು, ರಸಭರಿತ ಬಳ್ಳಿಗಳು ಕತ್ತಿಗೆ ಎದುರು ನಿಲ್ಲುವುದಿಲ್ಲ, ಬಾಗಿ ತಪ್ಪಿಸಿಕೊಳ್ಳುತ್ತವೆ. ಅವುಗಳಿಗೆ ಭಾರ ಬೇಡ, ವೇಗ ಬೇಕು. ಅದೇ ಮಚೆಟೆಯಿಂದ ಒಣ ಮತ್ತಿಯನ್ನು ಕಡಿಯಹೋದರೆ ಅಲಗು ನಡುಗಿ, ಮರದಲ್ಲಿ ಕಚ್ಚಿಕೊಂಡು ನಿಲ್ಲುತ್ತದೆ. ಮಲೇಷ್ಯಾದ ಪರಂಗ್, ನೇಪಾಳದ ಖುಕುರಿ, ನಮ್ಮ ಮಲೆನಾಡಿನ ಕತ್ತಿ ಇವೆಲ್ಲ ಮರ ಕಡಿಯುವ ಜನರ ಸಾಧನಗಳು. ಬೆನ್ನು ದಪ್ಪ, ಉದ್ದ ಕಡಿಮೆ, ತೂಕ ಮುಂದೆ. ಮರ ಕಡಿಯಬೇಕಾದ ಜನ ಒಬ್ಬರನ್ನೊಬ್ಬರು ಕೇಳದೆಯೂ ಹತ್ತಿರ ಹತ್ತಿರದ ಉತ್ತರಕ್ಕೆ ಬಂದಿದ್ದಾರೆ.

ಮಲೆನಾಡಿನ ಕತ್ತಿಯ ಮೂತಿ ಒಳಕ್ಕೆ ಬಾಗಿರುವುದಕ್ಕೂ ಕಾರಣವಿದೆ. ಕೈಗೆಟುಕದ ಕೊಂಬೆಯನ್ನು ಅದರಿಂದ ಎಳೆದುಕೊಳ್ಳಬಹುದು, ಮುಳ್ಳಿನ ಹಳುವನ್ನು ಕೈ ಹಾಕದೆ ಸರಿಸಬಹುದು. ಕೊಂಬೆ ದುಂಡಗಿರುವುದರಿಂದ ನೇರ ಬಾಯಿಯಾದರೆ ಪೆಟ್ಟು ಜಾರುತ್ತದೆ, ಬಾಗಿದ ಬಾಯಿ ತಬ್ಬಿ ಹಿಡಿಯುತ್ತದೆ. ನೆಲಮಟ್ಟದಲ್ಲಿ ಹಳು ಕಡಿಯುವಾಗ ಆ ಮೂತಿಯೇ ಮೊದಲು ನೆಲಕ್ಕೆ ತಾಗಿ ಉಳಿದ ಬಾಯಿಯನ್ನು ಕಲ್ಲಿನಿಂದ ಕಾಪಾಡುತ್ತದೆ.

ಇನ್ನು ಉಕ್ಕು. ಕಳಸದ ಬಗಲಲ್ಲೇ ಕುದುರೆಮುಖ ಇದೆ. ಅಲ್ಲಿನ ಬೆಟ್ಟಗಳ ಮ್ಯಾಗ್ನೆಟೈಟ್ ಅದಿರನ್ನು ಪುಡಿ ಮಾಡಿ, ನೀರಿನಲ್ಲಿ ಕಲಸಿ, 67 ಕಿಲೋಮೀಟರ್ ಉದ್ದದ ಕೊಳವೆಯಲ್ಲಿ ಮಂಗಳೂರಿಗೆ ಸಾಗಿಸುತ್ತಿದ್ದರು. ಸುಪ್ರೀಂ ಕೋರ್ಟಿನ ಆದೇಶದಂತೆ 2005ರ ಕೊನೆಗೆ ಗಣಿಗಾರಿಕೆ ನಿಂತಿತು. ಊರಿನ ಪಕ್ಕದಲ್ಲೇ ಇಷ್ಟೊಂದು ಕಬ್ಬಿಣ ಇದ್ದರೂ ಇಲ್ಲಿನ ಕತ್ತಿಗೆ ಉಕ್ಕು ಬರುವುದು ಗುಜರಿಯಿಂದ, ಹಳೆಯ ಲಾರಿ ಮತ್ತು ಜೀಪುಗಳ ಅಡಿಯ ಸ್ಪ್ರಿಂಗ್ ಪ್ಲೇಟುಗಳಿಂದ. ನೇಪಾಳದ ಖುಕುರಿ ಕಮ್ಮಾರರೂ ಮಲೇಷ್ಯಾದ ಪರಂಗ್ ಕಮ್ಮಾರರೂ ಇದೇ ಪ್ಲೇಟನ್ನು ಕಾಯಿಸುತ್ತಾರೆ.

ಈ ಒಮ್ಮತ ಆಕಸ್ಮಿಕವಲ್ಲ. ಹೊಂಡಕ್ಕೆ ಬಿದ್ದೆದ್ದ ಲಾರಿಯ ಭಾರವನ್ನು ಲಕ್ಷಾಂತರ ಸಲ ತಾಳಿ, ಬಾಗಿ, ಮತ್ತೆ ನೇರವಾಗಬೇಕಾದ ಉಕ್ಕು ಅದು. ಅದರಲ್ಲಿ ನೂರಕ್ಕೆ ಸುಮಾರು 0.5ರಿಂದ 0.6ರಷ್ಟು ಇಂಗಾಲ, ಜೊತೆಗೆ ಮ್ಯಾಂಗನೀಸ್, ಸಿಲಿಕಾನ್ ಅಥವಾ ಕ್ರೋಮಿಯಂ ಇರುತ್ತದೆ. ಕಟ್ಟಡಕ್ಕೆ ಬಳಸುವ ಮೆದು ಕಬ್ಬಿಣದಲ್ಲಿ ಇಂಗಾಲ 0.2ರ ಆಸುಪಾಸು. ಅದನ್ನು ಎಷ್ಟು ಕಾಯಿಸಿ ನೀರಿಗೆ ಅದ್ದಿದರೂ ಕತ್ತಿಗೆ ಬೇಕಾದಷ್ಟು ಗಡಸಾಗುವುದಿಲ್ಲ. ಅಂಥ ಪಟ್ಟಿಯಿಂದ ತಟ್ಟಿ, ಬಣ್ಣ ಬಳಿದು ಸಂತೆಯಲ್ಲಿ ಅಗ್ಗಕ್ಕೆ ಮಾರುವ ಕತ್ತಿ ಎರಡು ಗಂಟೆಯ ಕೆಲಸಕ್ಕೇ ಮೊಂಡಾಗುತ್ತದೆ. ಎರಡನ್ನೂ ಬೇರ್ಪಡಿಸಲು ಸಾಣೆ ಚಕ್ರದ ಹತ್ತಿರ ನಿಂತರೆ ಸಾಕು. ಮೆದು ಕಬ್ಬಿಣದ ಕಿಡಿ ಉದ್ದನೆಯ ನೇರ ಗೆರೆಯಾಗಿ ಹೋಗುತ್ತದೆ. ಇಂಗಾಲ ಹೆಚ್ಚಿರುವ ಉಕ್ಕಿನ ಕಿಡಿ ಕೊನೆಯಲ್ಲಿ ಸಿಡಿದು ಕವಲೊಡೆಯುತ್ತದೆ.

ಹಳೆಯ ಪ್ಲೇಟಿಗೆ ಒಂದು ದೋಷ ಉಂಟು. ದಣಿದ ಉಕ್ಕಿನಲ್ಲಿ ಕಣ್ಣಿಗೆ ಕಾಣದ ಬಿರುಕುಗಳು ಹುಟ್ಟಿರುತ್ತವೆ, ಅದರಲ್ಲೂ ಪ್ಲೇಟು ತುಂಡಾದ ಜಾಗದ ಹತ್ತಿರ. ಅನುಭವಸ್ಥ ಆಚಾರಿ ಆ ತುದಿಯನ್ನು ಕತ್ತರಿಸಿ ಎಸೆದೇ ಕೆಲಸ ಶುರು ಮಾಡುತ್ತಾನೆ.

ಕುಲುಮೆಯಲ್ಲಿ ನಡೆಯುವುದನ್ನು ಹತ್ತಿರದಿಂದ ನೋಡಬೇಕು. ಇದ್ದಿಲಿಗೆ ಗಾಳಿ ಹೋದಂತೆ ಪ್ಲೇಟು ಮೊದಲು ಕಡುಗೆಂಪು, ಆಮೇಲೆ ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆ. ಇಕ್ಕಳದಲ್ಲಿ ಹಿಡಿದು ಅಡಿಗಲ್ಲಿನ ಮೇಲಿಟ್ಟು ಇಬ್ಬರು ಸರದಿಯಲ್ಲಿ ಬಡಿಯುತ್ತಾರೆ. ಪ್ರತಿ ಪೆಟ್ಟಿಗೂ ಕಪ್ಪು ಪೊರೆ ಚಕ್ಕೆಚಕ್ಕೆಯಾಗಿ ಉದುರುತ್ತದೆ. ಆಕಾರ ಬಂದ ಮೇಲೆ ಕತ್ತಿಯ ಆಯುಷ್ಯ ನಿರ್ಧರಿಸುವ ಕೆಲಸ: ಹದ ಹಾಕುವುದು. ಬಾಯಿಯ ಕಡೆಯನ್ನು ಸಮನಾಗಿ ಕೆಂಪಗೆ ಕಾಯಿಸಿ, ಅದರ ಅಂಚನ್ನಷ್ಟೇ ನೀರಿಗೋ ಎಣ್ಣೆಗೋ ಅದ್ದುತ್ತಾನೆ. ಬೆನ್ನು ಇನ್ನೂ ಕೆಂಪಗೇ ಇರುತ್ತದೆ. ಹೊರತೆಗೆದು, ಕಲ್ಲಿನ ಚೂರಿನಿಂದ ಅಂಚನ್ನು ಉಜ್ಜಿ ಬೆಳ್ಳಗೆ ಮಾಡಿ, ಕಣ್ಣಿಟ್ಟು ಕಾಯುತ್ತಾನೆ. ಬೆನ್ನಿನಲ್ಲಿ ಉಳಿದ ಬಿಸಿ ಮೆಲ್ಲಗೆ ಅಂಚಿನತ್ತ ಹರಿಯುತ್ತದೆ. ಬೆಳ್ಳಗಿದ್ದ ಉಕ್ಕಿನ ಮೇಲೆ ಮೊದಲು ಒಣಹುಲ್ಲಿನ ಹಳದಿ ಮೂಡುತ್ತದೆ, ಅದು ಕಂದಾಗುತ್ತದೆ, ನೇರಳೆಯಾಗುತ್ತದೆ, ನೀಲಿಯತ್ತ ವಾಲುತ್ತದೆ. ಬೇಕಾದ ಬಣ್ಣ ಅಂಚಿಗೆ ಮುಟ್ಟಿದ ಕ್ಷಣ ಇಡೀ ಕತ್ತಿಯನ್ನು ಮುಳುಗಿಸಿಬಿಡುತ್ತಾನೆ.

ಆ ಬಣ್ಣಗಳೇ ಆಚಾರಿಯ ಉಷ್ಣಮಾಪಕ. ಕಾದ ಉಕ್ಕಿನ ಮೇಲೆ ಬೆಳೆಯುವ ಆಕ್ಸೈಡಿನ ತೆಳು ಪದರ ದಪ್ಪವಾದಂತೆ ಬೆಳಕಿನ ಬೇರೆ ಬೇರೆ ಅಲೆಗಳು ಪರಸ್ಪರ ಅಳಿಸಿಕೊಂಡು ಬಣ್ಣ ಬದಲಾಗುತ್ತದೆ. ತಿಳಿಹಳದಿ ಸುಮಾರು 220 ಡಿಗ್ರಿ ಸೆಲ್ಸಿಯಸ್, ಕಂದು 260, ನೇರಳೆ 280, ನೀಲಿ 300ರ ಆಚೀಚೆ.

ಒಳಗೆ ಏನಾಗುತ್ತದೆ? ಸುಮಾರು 727 ಡಿಗ್ರಿ ದಾಟಿದ ಮೇಲೆ ಕಬ್ಬಿಣದ ಪರಮಾಣುಗಳು ಜೋಡಣೆ ಬದಲಿಸಿಕೊಳ್ಳತೊಡಗಿ, ಇಂಗಾಲದ ಪರಮಾಣುಗಳಿಗೆ ನಡುವೆ ಜಾಗ ಕೊಡುತ್ತವೆ. 770 ಡಿಗ್ರಿಯಲ್ಲಿ ಕಬ್ಬಿಣ ಅಯಸ್ಕಾಂತಕ್ಕೆ ಅಂಟುವುದನ್ನೂ ಬಿಡುತ್ತದೆ. ಇಷ್ಟು ಕಾದರೆ ಸಾಕೇ ಎಂದು ತಿಳಿಯಲು ಕೆಲವು ಕಮ್ಮಾರರು ಅಯಸ್ಕಾಂತ ಹಿಡಿದು ನೋಡುವುದು ಇದಕ್ಕೇ. ನಿಧಾನ ತಣಿದರೆ ಇಂಗಾಲ ಮೆಲ್ಲಗೆ ಹೊರಬಿದ್ದು ತನ್ನ ಪಾಡಿಗೆ ಬೇರೆ ಕೂರುತ್ತದೆ. ಒಮ್ಮೆಲೇ ತಣಿಸಿದರೆ ಜಾತ್ರೆ ದಿನದ ಬಸ್ಸಿನಲ್ಲಿ ಬಾಗಿಲು ಮುಚ್ಚಿದಾಗ ಸಿಕ್ಕಿಬಿದ್ದ ಜನರಂತೆ ಅದು ಅಲ್ಲೇ ಇರುಕಿಕೊಳ್ಳುತ್ತದೆ. ಆ ಇಕ್ಕಟ್ಟಿನ ಸ್ಥಿತಿಗೆ ಮಾರ್ಟೆನ್ಸೈಟ್ ಎಂದು ಹೆಸರು. ಅದು ಅತಿ ಗಡಸು, ಹಾಗೆಯೇ ಅತಿ ಪೆಡಸು. ಆ ಸ್ಥಿತಿಯಲ್ಲೇ ಬಿಟ್ಟ ಕತ್ತಿಯನ್ನು ಹಲಸಿನ ಗಂಟಿಗೆ ಬೀಸಿದರೆ ಬಾಯಿ ಹಾರಿಹೋಗುತ್ತದೆ. ಎರಡನೆಯ ಸಲ ಹರಿಯಬಿಟ್ಟ ಮೆಲುಬಿಸಿ ಒಂದಷ್ಟು ಇಂಗಾಲಕ್ಕೆ ಹೊರಬರಲು ದಾರಿ ಕೊಟ್ಟು, ಸ್ವಲ್ಪ ಗಡಸುತನ ಕಳೆದು, ಪೆಟ್ಟು ತಾಳುವ ಗುಣ ತರುತ್ತದೆ. ಬೆನ್ನಂತೂ ಕೆಂಪಗಿದ್ದಾಗ ಅದ್ದದೇ ಇದ್ದುದರಿಂದ ಮೆದುವಾಗಿ ಉಳಿದು ಆಘಾತವನ್ನೆಲ್ಲ ನುಂಗಿಕೊಳ್ಳುತ್ತದೆ.

ಗಡಸುತನ ಹೆಚ್ಚಿದ್ದಷ್ಟೂ ಒಳ್ಳೆಯದು ಎಂಬ ನಂಬಿಕೆ ಕೊಳ್ಳುವವರಲ್ಲಿ ಆಳವಾಗಿ ಬೇರೂರಿದೆ. ಅದು ತಪ್ಪು. ಮೈಸೂರು ಸೀಮೆಯ ಮೂಸೆಗಳಲ್ಲಿ ತಯಾರಾಗುತ್ತಿದ್ದ ಉಕ್ಕು ಯೂರೋಪನ್ನೇ ಬೆರಗುಗೊಳಿಸಿತ್ತು. 1800ರಲ್ಲಿ ಈ ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್ ಇಲ್ಲಿನ ಉಕ್ಕಿನ ಕೆಲಸವನ್ನು ವಿವರವಾಗಿ ದಾಖಲಿಸಿದ. ಭಾರತದ ಈ ಬಗೆಯ ಉಕ್ಕಿನ ಗುಟ್ಟು ಬಿಡಿಸಲು ಮೈಕೆಲ್ ಫ್ಯಾರಡೆಯಂಥ ಫ್ಯಾರಡೆಯೇ ಕೂತ. ಅದರಲ್ಲಿ ಇಂಗಾಲ ನೂರಕ್ಕೆ ಒಂದೂವರೆಯಷ್ಟು. ಖಡ್ಗದ ತೆಳು ಹರಿತಕ್ಕೆ ಅದು ಹೆಸರುವಾಸಿ. ಆದರೆ ದಿನವಿಡೀ ಗಂಟುಮರ ಕಡಿಯುವ ಕತ್ತಿಗೆ ಲಾರಿ ಪ್ಲೇಟಿನ 0.6ರ ಉಕ್ಕೇ ಲೇಸು. ಗಡಸುತನದ ರಾಕ್‌ವೆಲ್ ಅಳತೆಯಲ್ಲಿ ಅಡುಗೆಮನೆಯ ಒಳ್ಳೆಯ ಚಾಕು 58ರಿಂದ 62 ತೂಗಿದರೆ, ಕಡಿಯುವ ಕತ್ತಿಗೆ 52ರಿಂದ 56 ಹೇಳಿ ಮಾಡಿಸಿದ ಹದ.

ಮನೆಯಲ್ಲಿ ರಾಕ್‌ವೆಲ್ ಯಂತ್ರ ಯಾರಿಗಿದೆ! ಒಂದು ಹೊಸ ಅರ ಸಾಕು. ಬಾಯಿಯ ಮೇಲೆ ಉಜ್ಜಿದಾಗ ಅರ ಜಾರಿಕೊಂಡೇ ಹೋದರೆ ಕತ್ತಿ ವಿಪರೀತ ಗಡಸು. ಬೆಣ್ಣೆ ಕೆರೆದಂತೆ ಕೆರೆದರೆ ಹದವೇ ಬಿದ್ದಿಲ್ಲ. ಒತ್ತಿ ಉಜ್ಜಿದಾಗ ಅಷ್ಟಿಷ್ಟು ಕಚ್ಚಿದರೆ ಸರಿ. ಇನ್ನೂ ಖಚಿತವಾದ ಪರೀಕ್ಷೆ ಒಣಗಿದ ಗಟ್ಟಿ ಗಂಟಿನ ಮೇಲೆ ನಾಲ್ಕು ಪೆಟ್ಟು ಹಾಕಿ ಬಾಯಿಯನ್ನು ಬೆಳಕಿಗೆ ಹಿಡಿಯುವುದು. ಹಲ್ಲು ಬಿದ್ದಿದ್ದರೆ ಅಂಥ ಕತ್ತಿ ಕಾಡಿಗೆ ಬೇಡ. ಅಂಚು ತುಸು ಮಡಚಿದ್ದರೆ ಅಂಜಬೇಕಿಲ್ಲ. ಮಡಚಿದ್ದನ್ನು ಹೊಳೆಯ ನುಣುಪು ಕಲ್ಲಿನಲ್ಲೂ ನೆಟ್ಟಗೆ ಮಾಡಿಕೊಳ್ಳಬಹುದು. ಹಾರಿಹೋದ ಉಕ್ಕನ್ನು ಕಾಡಿನ ನಡುವೆ ಯಾರೂ ಮರಳಿ ತರಲಾರರು. ಎರಡರಲ್ಲಿ ಒಂದು ಆಯ್ಕೆ ಮಾಡಲೇಬೇಕಾದಾಗ ಮುರಿಯುವ ಕತ್ತಿಗಿಂತ ಬಾಗುವ ಕತ್ತಿಯನ್ನೇ ಆರಿಸಬೇಕು.

ಬಾಯಿಯ ಕೋನದ ವಿಷಯ ಚಿಕ್ಕದು. ಎರಡೂ ಬದಿ ಸೇರಿ 20 ಡಿಗ್ರಿಯಷ್ಟು ತೆಳುವಾಗಿ ಮಸೆದರೆ ಸೊಪ್ಪಿಗೆ ಸೊಗಸು, ಮರಕ್ಕೆ ನಿಲ್ಲದು. 30ರಿಂದ 40 ಡಿಗ್ರಿ ಇರಲಿ, ಬದಿಗಳು ಚಪ್ಪಟೆಯಾಗಿರದೆ ಒಂದಿಷ್ಟು ಉಬ್ಬಿರಲಿ. ಉಬ್ಬಿದ ಬದಿ ಮರವನ್ನು ಅಕ್ಕಪಕ್ಕಕ್ಕೆ ತಳ್ಳುವುದರಿಂದ ಕತ್ತಿ ಸಿಕ್ಕಿಕೊಳ್ಳುವುದಿಲ್ಲ. ಹೊಡೆತವೂ ಓರೆಯಾಗಿ ಬೀಳಬೇಕು. ಮರದ ನಾರನ್ನು ಉದ್ದಕ್ಕೆ ಎಳೆದು ಹರಿಯಲು ಬೇಕಾದ ಬಲ, ನಾರಿನಿಂದ ನಾರನ್ನು ಬೇರ್ಪಡಿಸುವ ಬಲಕ್ಕಿಂತ ಹತ್ತಿಪ್ಪತ್ತು ಪಟ್ಟು ಹೆಚ್ಚು. ಓರೆ ಪೆಟ್ಟು ಒಂದಿಷ್ಟು ಕಡಿಯುತ್ತದೆ, ಒಂದಿಷ್ಟು ಸೀಳುತ್ತದೆ. ಕಸಿ ಮಾಡುವವರು ಮೊದಲು ಕೊಂಬೆಯ ಅಡಿಗೆ ಒಂದು ಕಚ್ಚು ಹಾಕಿ ಆಮೇಲೆ ಮೇಲಿನಿಂದ ಕಡಿಯುತ್ತಾರೆ. ಇಲ್ಲದಿದ್ದರೆ ಜೋತುಬಿದ್ದ ಕೊಂಬೆ ಕಾಂಡದ ತೊಗಟೆಯನ್ನು ಸುಲಿದುಕೊಂಡೇ ಇಳಿದು, ಆ ಗಾಯದಲ್ಲಿ ಮಳೆನೀರು ನಿಂತು ಮರ ಕೊಳೆಯುತ್ತದೆ.

ಹಿಡಿಯನ್ನು ಎಷ್ಟೋ ಮಂದಿ ಗಮನಿಸುವುದೇ ಇಲ್ಲ. ಕತ್ತಿಯಿಂದಾಗುವ ಗಾಯಗಳಲ್ಲಿ ಹಿಡಿಯ ತಪ್ಪೂ ಇರುತ್ತದೆ. ತುದಿ ಕೆಳಕ್ಕೆ ಕೊಕ್ಕಿನಂತೆ ಬಾಗಿದ್ದರೆ ಒದ್ದೆ ಕೈಯಿಂದಲೂ ಜಾರುವುದಿಲ್ಲ. ಅಲಗಿನ ಬಾಲ ಹಿಡಿಯೊಳಗೆ ಆಳವಾಗಿ ಇಳಿದು, ಹಿಡಿಯ ಬಾಯಲ್ಲಿ ಲೋಹದ ಬಳೆ ಬಿಗಿಯಾಗಿ ಕೂತಿರಬೇಕು. ಕತ್ತಿಯನ್ನು ಅಲುಗಾಡಿಸಿದಾಗ ಕಟಕಟ ಸದ್ದು ಬಂದರೆ ಅಲ್ಲೇ ಇಟ್ಟು ಬನ್ನಿ. ನುಣ್ಣಗೆ ವಾರ್ನಿಶ್ ಹೊಡೆದ ಹಿಡಿ ನೋಡಲು ಚೆಂದ, ಜುಲೈ ತಿಂಗಳ ಮಳೆಯಲ್ಲಿ ಕೈಯಲ್ಲಿ ನಿಲ್ಲದು. ಹಗ್ಗದ ಕುಣಿಕೆಯನ್ನು ಮಣಿಕಟ್ಟಿಗೆ ಬಿಗಿಯುವುದೂ ಸಲ್ಲ. ಜಾರಿದ ಕತ್ತಿ ದೂರ ಹೋಗಿ ಬೀಳುವುದೇ ಕ್ಷೇಮ, ಕುಣಿಕೆಗೆ ತಿರುಗಿ ಅದು ಬಂದು ಎರಗುವುದು ಕೈಗೇ.

ಕಳಸದ ಮಟ್ಟಿಗೆ ಜೀವ ಉಳಿಸುವ ಕತ್ತಿ ಎಂಬ ಮಾತು ಬರೀ ಚಾರಣಿಗರ ಕಲ್ಪನೆಯಲ್ಲ. 2019ರ ಆಗಸ್ಟಿನಲ್ಲಿ ಮೂಡಿಗೆರೆ, ಕಳಸದ ಗುಡ್ಡಗಳು ಜರಿದವು. ಮಲೆಮನೆಯಂಥ ಊರಿನಲ್ಲಿ ಮನೆಗಳೇ ನೆಲಸಮವಾದವು, ಚಾರ್ಮಾಡಿ ಘಾಟಿ ಮುಚ್ಚಿತು. ಭದ್ರೆ ಉಕ್ಕಿದಾಗ ಕಳಸ ಹೊರನಾಡು ನಡುವಿನ ಹೆಬ್ಬಾಳೆ ಸೇತುವೆ ಮುಳುಗುತ್ತಿದ್ದುದು ಇಲ್ಲಿನವರಿಗೆ ಹೊಸತೇನಲ್ಲ. ರಸ್ತೆಗೆ ಮರ ಉರುಳಿ, ಕರೆಂಟು ಹೋಗಿ, ಯಂತ್ರಗರಗಸಕ್ಕೆ ಪೆಟ್ರೋಲ್ ಸಿಗದ ಹೊತ್ತಿನಲ್ಲಿ ಕೊಂಬೆ ಬಿಡಿಸಿ ದಾರಿ ಮಾಡುವುದು ಮನೆಮನೆಯ ಕತ್ತಿಗಳೇ.

ಅಂಥ ಮಳೆಯಲ್ಲಿ ಬೆಂಕಿ ಹೊತ್ತಿಸುವುದಕ್ಕೂ ಭಾರದ ಕತ್ತಿಯೇ ಆಸರೆ. ಮರ ಹೊತ್ತಿಕೊಳ್ಳಬೇಕಾದರೆ ಅದು 250-300 ಡಿಗ್ರಿಗೆ ಕಾದು ಅನಿಲ ಬಿಡಬೇಕು. ಒಳಗೆ ನೀರಿದ್ದರೆ ಅದು ಆರುವ ತನಕ ಉಷ್ಣತೆ 100ರ ಹತ್ತಿರವೇ ತಡೆದು ನಿಲ್ಲುತ್ತದೆ, ಕಡ್ಡಿಪೆಟ್ಟಿಗೆ ಖಾಲಿಯಾಗುತ್ತದೆ. ಆದರೆ ನಿಂತಲ್ಲೇ ಒಣಗಿದ ಮರದ ತೊಗಟೆ ನೆಂದಿದ್ದರೂ ತಿರುಳು ಎಷ್ಟೋ ಸಲ ಒಣಗಿಯೇ ಇರುತ್ತದೆ. ಕತ್ತಿಯ ಬಾಯಿಯನ್ನು ತುಂಡಿನ ತಲೆಗೆ ಇಟ್ಟು, ಬೆನ್ನಿನ ಮೇಲೆ ಕೊರಡಿನಿಂದ ಬಡಿದು ಸೀಳಿದರೆ ಆ ತಿರುಳು ಕೈಗೆ ಸಿಗುತ್ತದೆ. ದಪ್ಪ ಬೆನ್ನಿಲ್ಲದ ಚೂರಿ ಈ ಕೆಲಸಕ್ಕೆ ಬಾಗಿಯೋ ಮುರಿದೋ ಹೋಗುತ್ತದೆ.

ಪ್ಲೇಟಿನ ಉಕ್ಕಿಗೆ ತುಕ್ಕಿನ ಕಾಟ ತಪ್ಪದು. ತುಕ್ಕು ಹಿಡಿಯದ ಉಕ್ಕಿಗೆ ನೂರಕ್ಕೆ ಹತ್ತೂವರೆಯಾದರೂ ಕ್ರೋಮಿಯಂ ಬೇಕು, ಪ್ಲೇಟಿನಲ್ಲಿ ಇರುವುದು ಹೆಚ್ಚೆಂದರೆ ಒಂದರ ಆಸುಪಾಸು. ಹಸಿ ತೊಗಟೆ ಕಡಿದಾಗ ಅಲಗಿನ ಮೇಲೆ ಮೂಡುವ ನೀಲಿಗಪ್ಪು ಕಲೆ ತುಕ್ಕಲ್ಲ, ಮರದ ಒಗರು ಕಬ್ಬಿಣದೊಂದಿಗೆ ಬೆರೆತು ಆದ ಲವಣ. ಅದನ್ನು ತಿಕ್ಕಿ ತೆಗೆಯುವ ಅಗತ್ಯವಿಲ್ಲ. ಕೆಂಪು ತುಕ್ಕನ್ನು ಮಾತ್ರ ಬಿಡಬಾರದು. ಕೆಲಸ ಮುಗಿದ ಮೇಲೆ ಒರೆಸಿ, ಒಲೆಯ ಬಿಸಿಗೆ ಒಂದಿಷ್ಟು ಹಿಡಿದು, ತೆಂಗಿನೆಣ್ಣೆ ಸವರಿಟ್ಟರೆ ಆಯಿತು. ಹಲಸಿನ ಮೇಣವನ್ನು ಬಿಡಿಸುವುದಕ್ಕೂ ಅದೇ ಎಣ್ಣೆ. ವಿದ್ಯುತ್ ಚಕ್ರಕ್ಕೆ ಹಿಡಿದು ಮಸೆಯುವಾಗ ಅಂಚು ನೀಲಿಗೆ ತಿರುಗಿದರೆ ಹದ ಇಳಿಯುತ್ತಿದೆ ಎಂದೇ ಅರ್ಥ. ಆಗಾಗ ನೀರಿಗೆ ಅದ್ದುತ್ತಾ ಮಸೆಯಬೇಕು, ಕೈಯಲ್ಲಿ ಮಸೆಗಲ್ಲಿಗೆ ಉಜ್ಜಿದರಂತೂ ಆ ಭಯವೇ ಇಲ್ಲ.

ಕಳಸದಿಂದ ಕತ್ತಿ ಕೊಂಡು ನೇರ ಬೆಟ್ಟ ಹತ್ತುವ ಯೋಚನೆಯಿದ್ದರೆ ಕಾನೂನನ್ನೂ ತಿಳಿದಿರಬೇಕು. ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ 9 ಇಂಚಿಗಿಂತ ಉದ್ದದ ಅಥವಾ 2 ಇಂಚಿಗಿಂತ ಅಗಲದ ಅಲಗುಳ್ಳ ಸಾಧನ ಆಯುಧದ ಪಟ್ಟಿಗೆ ಸೇರುತ್ತದೆ. ಮನೆಗೆಲಸಕ್ಕೆ, ಕೃಷಿಗೆ ಎಂದೇ ಮಾಡಿದವುಗಳಿಗೆ ವಿನಾಯಿತಿ ಇದೆ, ತೋಟದ ಕತ್ತಿ ಈ ವಿನಾಯಿತಿಯಲ್ಲಿ ಬರುತ್ತದೆ. ಆದರೆ ಕುದುರೆಮುಖ ರಾಷ್ಟ್ರೀಯ ಉದ್ಯಾನದ ಗಡಿಯೊಳಗೆ ಆ ವಿನಾಯಿತಿ ನಡೆಯದು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ವ್ಯಾಖ್ಯೆಯಲ್ಲಿ ಚೂರಿಯೂ ಆಯುಧವೇ, ಲಿಖಿತ ಅನುಮತಿ ಇಲ್ಲದೆ ಅದನ್ನು ಒಳಗೆ ಒಯ್ಯುವಂತಿಲ್ಲ. ಸಂಸೆಯ ಕಡೆಯಿಂದ ಕುದುರೆಮುಖ ಶಿಖರಕ್ಕೆ ಹೊರಟವರು ಕತ್ತಿಯನ್ನು ಉಳಿದುಕೊಂಡ ಮನೆಯಲ್ಲೇ ಬಿಟ್ಟು, ಅರಣ್ಯ ಇಲಾಖೆಯ ಅನುಮತಿ ಪತ್ರದೊಂದಿಗೆ ನಡೆಯಬೇಕು.